ಎರಡನೇ ಬೇಸ್‌ಮೆಂಟಿನ ಡಿಎಎಸ್: ಮೀಟರ್ ಪಾಸ್, ಲೈನ್ ಫೇಲ್

ವಾರ 1. ಲೆಕ್ಕ

ಜಾಗ: ಬೆಂಗಳೂರಿನ ಒಂದು ಆಫೀಸ್ ಕಟ್ಟಡದ ಪಾರ್ಕಿಂಗ್. ಡಿಎಎಸ್ ಅಂದರೆ ಮೊಬೈಲ್ ಸಿಗ್ನಲನ್ನು ಕೇಬಲಿನಲ್ಲಿ ತಂದು ಹಲವು ಸಣ್ಣ ಆಂಟೆನಾಗಳಿಗೆ ಹಂಚುವ ವ್ಯವಸ್ಥೆ. ಸಿಗ್ನಲ್ ಬರುವುದು ಆಪರೇಟರುಗಳ ಆರ್‌ಆರ್‌ಯುಗಳಿಂದ (ರೇಡಿಯೊ ಪೆಟ್ಟಿಗೆಗಳು). ಆನ್‌ಲೈನಿನಲ್ಲಿ ಮಾರುವ ಬೂಸ್ಟರ್ ಇಲ್ಲಿ ಲೆಕ್ಕಕ್ಕಿಲ್ಲ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ, ಜೊತೆಗೆ ಹೊರಗಿನ ಟವರಿಗೂ ಕಾಟ.

ಶಾಫ್ಟಿನಿಂದ ಈ ಮಹಡಿಗೆ 1800 ಮೆಗಾಹರ್ಟ್ಸ್‌ನಲ್ಲಿ 25 ಡಿಬಿಎಂ (ಪವರಿನ ಅಳತೆ, 3 ಡಿಬಿ ಇಳಿದರೆ ಪವರ್ ಅರ್ಧ) ಸಿಗುತ್ತದೆ. ನಾಲ್ಕು ಓಮ್ನಿ (ಸುತ್ತಲೂ ಹರಡುವ) ಆಂಟೆನಾ, ನಡುವೆ ತಲಾ 25 ಮೀಟರ್. ಅರ್ಧ ಇಂಚಿನ ಫೀಡರ್ ಕೇಬಲ್ 100 ಮೀಟರಿಗೆ ಸುಮಾರು 10 ಡಿಬಿ ನುಂಗುತ್ತದೆ, ಅಂದರೆ ಪ್ರತಿ ಹಂತಕ್ಕೆ 2.5.

ಮೊದಲಲ್ಲೇ ನಾಲ್ಕು ದಾರಿಯ ಸ್ಪ್ಲಿಟರ್ (ಪವರನ್ನು ಸಮನಾಗಿ ಹಂಚುವುದು) ಇಟ್ಟರೆ ಹತ್ತಿರದ ಆಂಟೆನಾಗೆ 18.8, ಕೊನೆಯದಕ್ಕೆ 11.3 ಡಿಬಿಎಂ. ಕೇಬಲ್ 150 ಮೀಟರ್. ಬದಲಿಗೆ ಒಂದೇ ಲೈನಿನಲ್ಲಿ 10, 7, 5 ಡಿಬಿ ಕಪ್ಲರುಗಳನ್ನು (ಸ್ವಲ್ಪ ಪವರನ್ನು ಆಂಟೆನಾಗೆ ಕೊಟ್ಟು ಉಳಿದದ್ದನ್ನು ಮುಂದೆ ಬಿಡುವವು) ಈ ಕ್ರಮದಲ್ಲೇ ಇಟ್ಟಾಗ 15, 15, 13.5, 14.3. ಕೇಬಲ್ 75 ಮೀಟರ್ ಸಾಕು. ಕ್ರಮ ತಿರುಗಿಸಿ 5 ಡಿಬಿಯದನ್ನು ಮೊದಲು ಹಾಕಿದರೆ ಮೊದಲ ಆಂಟೆನಾ 20ಕ್ಕೆ ಏರಿ, ಮೂರನೆಯದು ಸುಮಾರು 7ಕ್ಕೆ ಸೊರಗುತ್ತದೆ.

20 ಮೆಗಾಹರ್ಟ್ಸ್ ಎಲ್‌ಟಿಇಯಲ್ಲಿ (4ಜಿ) ಪವರ್ 1200 ಸಬ್‌ಕ್ಯಾರಿಯರುಗಳಿಗೆ ಹಂಚಿಹೋಗುತ್ತದೆ, ಹಾಗಾಗಿ ಆರ್‌ಎಸ್‌ಆರ್‌ಪಿ (ಫೋನಿಗೆ ಒಂದು ಸಬ್‌ಕ್ಯಾರಿಯರಿನಲ್ಲಿ ಸಿಗುವ ಸಿಗ್ನಲ್ ಬಲ) ಲೆಕ್ಕಕ್ಕೆ 30.8 ಡಿಬಿ ಕಳೆಯಬೇಕು. 2 ಡಿಬಿಐ ಗೇನಿನ ಆಂಟೆನಾದಿಂದ 20 ಮೀಟರ್ ದೂರಕ್ಕೆ ಸುಮಾರು -90 ಡಿಬಿಎಂ ಬರುತ್ತದೆ. ಗುರಿ -95. ಮಧ್ಯೆ ಉಳಿದ 5 ಡಿಬಿ, ಸಾಲಾಗಿ ನಿಂತ ಕಾರುಗಳ ಪಾಲು.

ವಾರ 2. ಎಳೆತ

ಕೇಬಲ್ ಬಾಗುವಲ್ಲಿ ತ್ರಿಜ್ಯ 125 ಮಿ.ಮೀ.ಗಿಂತ ಕಡಿಮೆಯಾಗದಂತೆ ನೋಡಿಕೊಂಡಾಯಿತು. ಕನೆಕ್ಟರ್ ಹಾಕುವಾಗ ತುದಿಯನ್ನು ಕೆಳಮುಖವಾಗಿ ಹಿಡಿದೇ ಗರಗಸ ಆಡಿಸಬೇಕು, ತಾಮ್ರದ ಪುಡಿ ಒಳಗೆ ಬೀಳಬಾರದು. 4.3-10 ಮಾದರಿಯ ಕನೆಕ್ಟರಿಗೆ ಟಾರ್ಕ್ ವ್ರೆಂಚಿನಲ್ಲಿ 5 ನ್ಯೂಟನ್ ಮೀಟರ್. ಕೈಯಲ್ಲಿ ಬಿಗಿ ಮಾಡಿ "ಆಯ್ತು" ಅನ್ನುವ ಕೆಲಸ ಬೇಡ.

ವಾರ 3. ಇಲ್ಲೇ ಎಡವಿದ್ದು

ಶಾಫ್ಟಿನ ಬಾಯಲ್ಲಿ ನಿಂತು ಅಳೆದಾಗ ವಿಎಸ್‌ಡಬ್ಲ್ಯುಆರ್ (ಅಲೆ ಎಷ್ಟು ಹಿಂದಿರುಗುತ್ತದೆ ಎಂಬ ಅಳತೆ, 1 ಅಂದರೆ ಏನೂ ಇಲ್ಲ) 1.2. ಪಾಸ್. ಆದರೆ ಮೊದಲ ಕಂಬದ ಸುತ್ತ ಆರ್‌ಎಸ್‌ಆರ್‌ಪಿ ತೀರಾ ಕಡಿಮೆ. ತೆರೆದು ನೋಡಿದರೆ ಆಂಟೆನಾದ ಜಂಪರೇ (ಚಿಕ್ಕ ಜೋಡಣೆ ಕೇಬಲ್) ಸಿಕ್ಕಿಸಿರಲಿಲ್ಲ!

ಮೀಟರ್ ಸುಳ್ಳು ಹೇಳಿಲ್ಲ. ಅದು ಕಳಿಸಿದ ಅಲೆ 10 ಡಿಬಿ ಕಪ್ಲರನ್ನು ಹೋಗುವಾಗ ಒಮ್ಮೆ, ತೆರೆದ ತುದಿಗೆ ಬಡಿದು ಬರುವಾಗ ಇನ್ನೊಮ್ಮೆ ದಾಟುತ್ತದೆ. ಒಟ್ಟು 20 ಡಿಬಿ ರಿಟರ್ನ್ ಲಾಸ್ (ಮರಳಿದ ಅಲೆ ಕಳಿಸಿದ್ದಕ್ಕಿಂತ ಅಷ್ಟು ಕಡಿಮೆ), ಅಂದರೆ ವಿಎಸ್‌ಡಬ್ಲ್ಯುಆರ್ 1.22. ಉದ್ದದ ಕೇಬಲ್ ಕೂಡ ದೋಷವನ್ನು ಹೀಗೇ ಮುಚ್ಚಿಡುತ್ತದೆ. ಆದ್ದರಿಂದ ಈಗ ಪ್ರತಿ ತುಂಡನ್ನೂ ಬಿಡಿಬಿಡಿಯಾಗಿ ಅಳೆದು, ಆಮೇಲೆ ಜೋಡಿಸುವ ಪದ್ಧತಿ. ದೋಷದ ದೂರ ಹುಡುಕುವಾಗ ಫೋಮ್ ಕೇಬಲಿಗೆ ವೆಲಾಸಿಟಿ ಫ್ಯಾಕ್ಟರ್ (ಅಲೆಯ ವೇಗ ಬೆಳಕಿನ ವೇಗದ ಎಷ್ಟು ಪಾಲು) 0.88 ಕೊಡಬೇಕು, 1 ಅಂತ ಬಿಟ್ಟರೆ 44 ಮೀಟರಿನಲ್ಲಿರುವ ದೋಷ 50ರಲ್ಲಿ ಕಾಣುತ್ತದೆ, ಬೇರೆ ಕಂಬಕ್ಕೆ ಏಣಿ ಹಾಕಿದ್ದೇ ಬಂತು.

ವಾರ 4. ಪಿಐಎಂ

ಪಿಐಎಂ ಅಂದರೆ ಕೆಟ್ಟ ಜಾಯಿಂಟಿನಲ್ಲಿ ಎರಡು ಸಿಗ್ನಲ್ ಬೆರೆತು ಹುಟ್ಟುವ ಬೇಡದ ಸಿಗ್ನಲ್. ಒಬ್ಬ ಆಪರೇಟರ್ 1810ರಲ್ಲಿ, ಇನ್ನೊಬ್ಬ 1870ರಲ್ಲಿ ಇದ್ದರೆ ಮೂರನೇ ದರ್ಜೆಯ ಮಿಶ್ರಣ 1750ಕ್ಕೆ ಬೀಳುತ್ತದೆ. ಅದು ಅಪ್‌ಲಿಂಕಿನ (ಫೋನಿನಿಂದ ನೆಟ್‌ವರ್ಕಿಗೆ) ಜಾಗ. ವಿಎಸ್‌ಡಬ್ಲ್ಯುಆರ್ ಇದನ್ನು ತೋರಿಸುವುದೇ ಇಲ್ಲ. ಎರಡು 20 ವಾಟ್ ಪರೀಕ್ಷಾ ಟೋನಿಗೆ -153 ಡಿಬಿಸಿ (ಟೋನಿಗಿಂತ ಅಷ್ಟು ಡಿಬಿ ಕೆಳಗೆ) ಬರಬೇಕಿತ್ತು, ಶಾಫ್ಟಿನಲ್ಲಿ ಪಿಒಐ (ಆಪರೇಟರುಗಳ ಸಿಗ್ನಲ್ ಒಂದುಗೂಡಿಸುವ ಪೆಟ್ಟಿಗೆ) ಪಕ್ಕದ ಎರಡನೇ ಜಾಯಿಂಟ್ ಫೇಲ್. ಕಾರಣ ಒಳಗಿದ್ದ ಲೋಹದ ಪುಡಿ. ಪವರ್ 1 ಡಿಬಿ ಇಳಿದರೆ ಪಿಐಎಂ 2ರಿಂದ 3 ಡಿಬಿ ಇಳಿಯುವುದರಿಂದ, ಅನುಮಾನ ಮೊದಲು ಮೂಲದ ಹತ್ತಿರದ ಜಾಯಿಂಟುಗಳ ಮೇಲಿರಲಿ. ಕೊನೆಯ ಆಂಟೆನಾ ಬಿಚ್ಚಿ ಕೂರುವುದು ವ್ಯರ್ಥ. ಆ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದ ಮೇಲೆ ಪಾಸ್.

ಬಾಕಿ

3500ರ 5ಜಿ ಈ ಲೈನಿನಲ್ಲಿ ಸಾಗದು. ಕಪ್ಲರುಗಳು 2700 ಮೆಗಾಹರ್ಟ್ಸ್‌ವರೆಗಿನವು, ಕೇಬಲ್ ನಷ್ಟ 100 ಮೀಟರಿಗೆ ಸುಮಾರು 15 ಡಿಬಿ, ಗಾಳಿಯಲ್ಲಿ ಇನ್ನೂ 6 ಹೆಚ್ಚು. ಎರಡು ಸ್ಟ್ರೀಮಿನ ಮೈಮೋ (ಒಂದೇ ಹೊತ್ತಿಗೆ ಎರಡು ಡೇಟಾ ಧಾರೆ) ಬೇಕೆಂದರೆ ಸಮಾನಾಂತರವಾಗಿ ಇನ್ನೊಂದು ಲೈನೇ ಎಳೆಯಬೇಕು. ಟ್ರೇಯಲ್ಲಿ ಅದಕ್ಕೆ ಜಾಗ ಬಿಟ್ಟಿದೆ.