ನೋವು, ಸಾವು ನೋಡುತ್ತ ಹೇಗೆ ಕೆಲಸ ಮಾಡುತ್ತೀರಿ?

ನಾನು ನರ್ಸ್ ಎಂದು ತಿಳಿದೊಡನೆ, ಮದುವೆಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಜನ ಕೇಳುವ ಮೊದಲ ಪ್ರಶ್ನೆ ಇದು. ನಮ್ಮನ್ನು ಸಾವಿಗಿಂತ ಹೆಚ್ಚಾಗಿ ಹೈರಾಣು ಮಾಡುವುದು ಮಾಡಲಾಗದೆ ಉಳಿದ ಕೆಲಸ ಎಂಬುದು ನನ್ನ ಉತ್ತರ.

ಒಂದು ರಾತ್ರಿಪಾಳಿಯಲ್ಲಿ ವಾರ್ಡಿನಲ್ಲಿ 38 ರೋಗಿಗಳಿದ್ದರು, ನಾವಿಬ್ಬರೇ ಇದ್ದೆವು. ಅಜ್ಜಿಯೊಬ್ಬರು "ಸಿಸ್ಟರ್, ಒಂದೀಟು ಬಿಸಿನೀರು ಕೊಡವ್ವಾ" ಎಂದರು. "ಈಗ ಬಂದೆ ಅಜ್ಜಿ" ಎಂದು ಹೊರಟವಳು ಮುಗಿದ ಡ್ರಿಪ್ ಬದಲಿಸಿ, ಉಸಿರಿಗೆ ಕಷ್ಟಪಡುತ್ತಿದ್ದವರಿಗೆ ಆಕ್ಸಿಜನ್ ಹಾಕಿ, ವೈದ್ಯರನ್ನು ಕರೆಸಿ, ಕೇಸ್ ಶೀಟ್ ಬರೆದು ಮರಳುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಅಜ್ಜಿ ಖಾಲಿ ಸ್ಟೀಲ್ ಲೋಟವನ್ನು ಎದೆಯ ಮೇಲೆ ಹಿಡಿದುಕೊಂಡೇ ನಿದ್ದೆಹೋಗಿದ್ದರು. ಅದೇ ವಾರ ನಮ್ಮ ವಾರ್ಡಿನಲ್ಲಿ ಸಂಭವಿಸಿದ ಸಾವು ಈಗ ಮಸುಕಾಗಿ ನೆನಪಿದೆ. ಆ ಲೋಟ ಕಣ್ಣಿಗೆ ಕಟ್ಟಿದಂತಿದೆ.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ಹಾಸಿಗೆಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ಹಾಸಿಗೆಗೆ ಒಬ್ಬರು ನರ್ಸ್ ಇರಬೇಕು. ಕೇಳಲು ಇದು ಧಾರಾಳವೆನಿಸಿದರೂ ಮೂರು ಪಾಳಿಗೆ ಹಂಚಿದಾಗ ಬೋಧನಾ ಆಸ್ಪತ್ರೆಯಲ್ಲೇ ಒಬ್ಬರ ಪಾಲಿಗೆ ಸುಮಾರು 9 ರೋಗಿಗಳು ಬರುತ್ತಾರೆ. ನಮ್ಮಿಬ್ಬರಿಗೆ ಆ ರಾತ್ರಿ ತಲಾ 19 ಬಂದಿದ್ದರು. ಸಂಬಳದ ಕತೆಯೂ ಹೀಗೆಯೇ: ಸುಪ್ರೀಂ ಕೋರ್ಟಿನ 2016ರ ತೀರ್ಪಿನಂತೆ ರಚನೆಯಾದ ಸಮಿತಿಯು, ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗಳಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದು ಶಿಫಾರಸು ಮಾಡಿದ ಮೇಲೂ, ಅದಕ್ಕಿಂತ ಕಡಿಮೆಗೆ ದುಡಿಯುವ ಗೆಳತಿಯರು ನನಗಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ, ನಾವು ಬರ್ನ್‌ಔಟ್ ಎನ್ನುವ ಬಳಲಿಕೆಯನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಕೆಲಸದ ಸ್ಥಳದಲ್ಲಿ ಹುಟ್ಟುವ ಸ್ಥಿತಿಯೆಂದೇ ಗುರುತಿಸಿದೆ. ಹಾಗಿರುವಾಗ ಮದ್ದನ್ನೂ ಅಲ್ಲಿಯೇ ಹುಡುಕಬೇಕು. ಯೋಗದ ಬಗ್ಗೆ ನನಗೆ ಗೌರವವಿದೆ, ಆದರೆ ರಾತ್ರಿಪಾಳಿ ಮುಗಿಸಿದವರನ್ನು ಮನೆಗೆ ಕಳುಹಿಸದೆ ಒತ್ತಡ ನಿವಾರಣೆಯ ಶಿಬಿರದಲ್ಲಿ ಕೂರಿಸುವುದು ಸರಿಯಲ್ಲ.

ತಿಂಗಳ ಡ್ಯೂಟಿ ಪಟ್ಟಿ ಮುಂಚಿತವಾಗಿ ಕೈಗೆ ಸಿಕ್ಕರೆ, ಮಗುವಿನ ಶಾಲೆಯ ಸಭೆಗೆ ರಜೆ ಕೇಳಿದಾಗ ಇನ್‌ಚಾರ್ಜ್ ಸಿಸ್ಟರ್ ಗದರದಿದ್ದರೆ, ನಮ್ಮ ಅರ್ಧ ಭಾರ ಇಳಿಯುತ್ತದೆ. ಉಳಿದದ್ದಕ್ಕೆ ನಾವೇ ಒಂದು ದಾರಿ ಕಂಡುಕೊಂಡಿದ್ದೇವೆ. ಪಾಳಿ ಬದಲಾಗುವಾಗ ಔಷಧಿ, ಪರೀಕ್ಷೆಗಳ ವಿವರದೊಂದಿಗೆ ಈಡೇರಿಸಲಾಗದ ಸಣ್ಣ ಕೋರಿಕೆಗಳನ್ನೂ ಹೇಳಿ ಹೋಗುತ್ತೇವೆ: "12ನೇ ಬೆಡ್ಡಿನ ತಾತ ಮಗನ ಜೊತೆ ಮಾತಾಡಬೇಕಂತೆ, ಒಂದು ಫೋನ್ ಮಾಡಿಕೊಡಿ." ಹೇಳಿಬಂದ ದಿನ ಮನೆಯಲ್ಲಿ ನನಗೆ ನಿದ್ದೆ ಬರುತ್ತದೆ.