ಕ್ರೀಡಾಕೂಟದ ಫೋಟೊ ಎಲ್ಲಿ ಹೋಯಿತು?

ನಮ್ಮ ಡ್ರಾಯಿಂಗ್ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಇನ್ನಾದರೂ ನಿಜ ಹೇಳಿಬಿಡುತ್ತೇನೆ.

ಒಂಬತ್ತನೇ ಕ್ಲಾಸು. ಕ್ರೀಡಾಕೂಟದ ದಿನ ಮೇಷ್ಟ್ರು ತಮ್ಮ ಕ್ಯಾಮೆರಾವನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಕಾಫಿಗೆ ಹೋದರು. ಓಟದಲ್ಲಿ ನಾನು ಮೂರನೆಯವನು. ಮುಖ ಹೇಗೆ ಬಂದಿದೆ ಅಂತ ನೋಡುವ ಆಸೆ. ಹಿಂದಿನ ಮುಚ್ಚಳ ತೆಗೆದೆ. ಒಳಗೆ ಬರೀ ಫಿಲ್ಮಿನ ಪಟ್ಟಿ. ಎಳೆದೂ ನೋಡಿದೆ, ಚಿತ್ರವೇ ಇಲ್ಲ! ಹೇಗೋ ತುರುಕಿ ಓಡಿದೆ. ಇಡೀ ರೋಲನ್ನು ಬೆಳಕು ತಿಂದುಹಾಕಿತ್ತು.

ಹೆಡ್‌ಮಾಸ್ಟರ್ ಕೇಳಿದಾಗ ಮೇಷ್ಟ್ರು, "ಹಳೇ ಕ್ಯಾಮೆರಾ ಸಾರ್, ಕೈ ಕೊಡ್ತು" ಎಂದರು. ಆಮೇಲೆ ನನ್ನನ್ನು ಕರೆದರು. ಹೇಗೆ ಗೊತ್ತಾಯಿತು ಅಂತೀರಾ? ನನ್ನ ಚಪ್ಪಲಿ ಸ್ಟಾಫ್ ರೂಮಿನ ಬಾಗಿಲಲ್ಲೇ ಇತ್ತು.

ಹೊಡೆಯಲಿಲ್ಲ. ಹಳೆಯ ಲಗ್ನಪತ್ರಿಕೆಯೊಂದರಲ್ಲಿ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಕಿಂಡಿ ಕೊರೆದು ಕೊಟ್ಟರು. "ಫಿಲ್ಮಿನ ಒಂದು ಚಿತ್ರ ಇಷ್ಟೇ. ಕಡಲೆಕಾಯಿ ಪರಿಷೆಗೆ ಹೋಗು. ಇದರಲ್ಲಿ ನೋಡಿ, ಒಂದು ರೋಲಿಗೆ ಬರುವಷ್ಟೇ, ಮೂವತ್ತಾರು ಚಿತ್ರ ಮಾತಿನಲ್ಲಿ ಬರ್ಕೊಂಡು ಬಾ. ಮೂವತ್ತೇಳನೇದು ಇಲ್ಲ."

ಕಾರ್ತಿಕದ ಕೊನೇ ಸೋಮವಾರ. ದೊಡ್ಡಬಸವನ ಗುಡಿ ಹತ್ತುವ ಮೊದಲೇ ಹತ್ತು ಮುಗಿದವು. ಬಲೂನು, ಬತ್ತಾಸು, ಪೊಲೀಸನ ಟೋಪಿ, ಕಂಡದ್ದೆಲ್ಲ ಬರೆದೆ. ಸಂಜೆಗೆ ಎರಡೇ ಉಳಿದಾಗ ಜಿಪುಣನಾದೆ. ಕಾದೆ. ಮಾರನೇ ದಿನ ಮೇಷ್ಟ್ರು ಪಟ್ಟಿ ಓದಿ ಒಂದಕ್ಕೆ ಮಾತ್ರ ಸುತ್ತು ಹಾಕಿದರು. 35: 'ಸೇರು ಅಳೆದ ಮೇಲೆ ಕೊಸರು ಹಾಕುತ್ತಿರುವ ಅಜ್ಜಿಯ ಕೈ.'

ಆ ವರ್ಷ ಬೀಜಗಣಿತದಲ್ಲಿ ಏನು ಕಲಿತೆನೋ, ದೇವರಾಣೆ ನೆನಪಿಲ್ಲ.

ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ಮೇಷ್ಟ್ರು ಪತ್ರಿಕೆಗಳಿಂದ ಕತ್ತರಿಸಿ ಇಟ್ಟಿದ್ದರು. ಅಮೆರಿಕದ 'ಲೈಫ್' ಪತ್ರಿಕೆಗೆ ಚಿತ್ರ ಕೊಟ್ಟವರು, 1977ರಲ್ಲಿ ಪದ್ಮಶ್ರೀ ಪಡೆದವರು. ಆದರೂ ಆ ಚಿತ್ರಗಳಲ್ಲಿದ್ದವರು ನಮ್ಮ ಬೀದಿಯಲ್ಲಿ ಆಡುವಂಥ ಮಕ್ಕಳೇ. ಪತ್ರಿಕೆಯ ಕೆಲಸಕ್ಕೆ ಸೇರುವ ಹುಚ್ಚು ಹಿಡಿದದ್ದು ಅಲ್ಲಿಂದ.

ಈಗಲೂ ದೂರದಿಂದ ಎಳೆಯುವ ದೊಡ್ಡ ಲೆನ್ಸ್ ನನಗೆ ಆಗಿಬರುವುದಿಲ್ಲ. ಹತ್ತಿರ ಹೋಗಬೇಕು, ಎರಡು ಮಾತಾಡಬೇಕು. ಕರಗ ಉತ್ಸವದ ರಾತ್ರಿ ಫ್ಲ್ಯಾಷ್ ಹಾಕುವುದಿಲ್ಲ. ಬೇಜಾರಾದರೆ ಬೆಳಗಿನ ಜಾವ ಕೆ. ಆರ್. ಮಾರ್ಕೆಟ್ಟಿಗೆ ಹೋಗಿ, ಬಲ್ಬಿನ ಕೆಳಗಿನ ಚೆಂಡುಹೂವಿನ ರಾಶಿ ನೋಡುತ್ತೇನೆ. ಸುಮ್ನೆ. ಮುಖಪುಟದಲ್ಲಿ ನನ್ನ ಚಿತ್ರ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಟ್ಟಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಸುಳ್ಳು. ಇಟ್ಟಿದ್ದೇನೆ.

ಹೋದ ವರ್ಷ ಒಂದು ಶಾಲೆಯ ಕ್ರೀಡಾಕೂಟಕ್ಕೆ ಅತಿಥಿಯಾಗಿ ಹೋಗಿದ್ದೆ. ಅಪ್ಪ ಅಮ್ಮಂದಿರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಮಗು ಬಿದ್ದದ್ದನ್ನೂ ಪರದೆಯಲ್ಲೇ ನೋಡಿದರು! ಡ್ರಾಯಿಂಗ್ ಪೀರಿಯಡ್ ಗಣಿತದ ಪಾಲಾಗಿದೆಯಂತೆ. ನನಗ್ಯಾಕೆ ಹೊಟ್ಟೆಯುರಿ ಅಲ್ವಾ?

ಮೇಷ್ಟ್ರು ಹೋದ ಸುದ್ದಿ ಕೇಳಿ ನಮ್ಮ ವರ್ಷದ ಶಾಲಾ ಸಂಚಿಕೆ ಹುಡುಕಿ ತೆಗೆದೆ. ಕ್ರೀಡಾಕೂಟದ ಪುಟದಲ್ಲಿ ಫೋಟೊ ಇಲ್ಲ. ಅವರೇ ಮಸಿಯಲ್ಲಿ ಬಿಡಿಸಿದ ಓಟದ ಚಿತ್ರವಿದೆ. ಎಷ್ಟೋ ಸಲ ನೋಡಿದ್ದೇ. ಹುಡುಗರೆಲ್ಲ ಮುಂದೆ ನೋಡಿ ಓಡುತ್ತಿದ್ದಾರೆ. ಮೂರನೆಯವನ ಕಾಲಿನಲ್ಲಿ ಚಪ್ಪಲಿ ಇಲ್ಲ ಎಂಬುದು ಮೊನ್ನೆಯಷ್ಟೇ ಕಣ್ಣಿಗೆ ಬಿತ್ತು.