ಸ್ಕಾಪಾ ಫ್ಲೋನಲ್ಲಿ ಜೆಲ್ಲಿಕೋ ನೆನಪು

ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಕ್ರ್ಯಾಬ್‌ಸ್ಟರ್‌ನಲ್ಲಿ ಹಡಗು ಹತ್ತಿದರೆ ಒಂದೂವರೆ ಗಂಟೆಗೆ ಆರ್ಕ್ನಿ ದ್ವೀಪಗಳ ಸ್ಟ್ರಾಮ್‌ನೆಸ್ ಊರು. ದಾರಿಯಲ್ಲಿ 'ಓಲ್ಡ್ ಮ್ಯಾನ್ ಆಫ್ ಹಾಯ್' ಎಂಬ 137 ಮೀಟರ್ ಎತ್ತರದ ಕಲ್ಲುಕಂಬ ಸಿಗುತ್ತದೆ. ಅದರ ಫೋಟೋಗಾಗಿ ಎಲ್ಲರೂ ಡೆಕ್ಕಿಗೆ ಓಡಿದರು. ಚೆಂದವೇ ಇದೆ. ಆದರೆ ನಾನು ಸೋದರಳಿಯನನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿದ್ದು ಸ್ಕಾಪಾ ಫ್ಲೋ ನೋಡಲು, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧನೌಕೆಗಳನ್ನು ನಡೆಸಿದ ಅಡ್ಮಿರಲ್ ಜಾನ್ ಜೆಲ್ಲಿಕೋ ಸಲುವಾಗಿ. ಶಿಲಾಯುಗದ ಮನೆಗಳು, ನಿಲುಗಲ್ಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಡಿ.

ಸ್ಕಾಪಾ ಫ್ಲೋ ಅಂದರೆ ಸುತ್ತಲೂ ದ್ವೀಪಗಳು ತಬ್ಬಿಕೊಂಡಿರುವ ಕೊಲ್ಲಿ. ವಿಸ್ತಾರ ಸುಮಾರು 300 ಚದರ ಕಿಲೋಮೀಟರ್. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮುಖ್ಯ ಯುದ್ಧನೌಕಾಪಡೆಯಾದ ಗ್ರ್ಯಾಂಡ್ ಫ್ಲೀಟ್ ಲಂಗರು ಹಾಕಿದ್ದು ಇಲ್ಲೇ. ಅದರ ವಸ್ತುಸಂಗ್ರಹಾಲಯ ಹಾಯ್ ದ್ವೀಪದ ಲೈನೆಸ್‌ನಲ್ಲಿದೆ. ಅಲ್ಲಿಗೆ ಹೌಟನ್‌ನಿಂದ ಸಣ್ಣ ಫೆರಿ. ನಾವು ಉಳಿದಿದ್ದ ಕಡೆ, "ಕಾರಿಗೆ ಮುಂಚೆ ಬುಕ್ ಮಾಡೋದೇನೂ ಬೇಡ, ಜಾಗ ಇದ್ದೇ ಇರುತ್ತೆ" ಅಂದಿದ್ದರು. ಹೋದರೆ ಜಾಗ ಇಲ್ಲ. ಗಾಳಿಯಲ್ಲಿ ಅರ್ಧ ದಿನ ಹಾಳಾಯಿತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ನೀವು ಹೋದರೆ ಕಾರಿನ ಜಾಗ ಮುಂಚೆಯೇ ಕಾದಿರಿಸಿ. ಇಲ್ಲವೇ ಕಾರನ್ನು ಹೌಟನ್‌ನಲ್ಲೇ ಬಿಟ್ಟು ಹೋಗಿ. ಸಂಗ್ರಹಾಲಯ ದಡದ ಹತ್ತಿರವೇ ಇದೆ, ನಾವಿಕರ ಸಮಾಧಿಗಳಿಗೂ ನಡೆದೇ ಹೋಗಬಹುದು.

ಜೆಲ್ಲಿಕೋ ನೌಕಾಪಡೆ ಸೇರಿದ್ದು 1872ರಲ್ಲಿ, 12ನೇ ವಯಸ್ಸಿಗೆ. 1893ರಲ್ಲಿ ಮೆಡಿಟರೇನಿಯನ್ನಿನಲ್ಲಿ 'ವಿಕ್ಟೋರಿಯಾ' ಹಡಗು ತನ್ನದೇ ಪಡೆಯ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿ 358 ಜನ ಸತ್ತರು. ಅದೇ ಹಡಗಿನಲ್ಲಿ ಜ್ವರದಿಂದ ಹಾಸಿಗೆ ಹಿಡಿದಿದ್ದ ಜೆಲ್ಲಿಕೋ ಹೇಗೋ ಬದುಕಿದರು. 1900ರಲ್ಲಿ ಚೀನಾದ ಬಾಕ್ಸರ್ ದಂಗೆಯಲ್ಲಿ ಎದೆಗೆ ಗುಂಡು ತಗುಲಿತು. ಆಗಲೂ ಉಳಿದರು. 1914ರ ಆಗಸ್ಟ್‌ನಲ್ಲಿ ಇಡೀ ಪಡೆಯ ಹೊಣೆ ಅವರಿಗೆ ಬಂತು. ಉತ್ತರಕ್ಕೆ ಬರುವ ದಾರಿಯಲ್ಲಿ, ಯುದ್ಧ ಶುರುವಾಗುವ ಹೊತ್ತಿಗೆ ಹಿರಿಯ ಅಡ್ಮಿರಲ್ ಕ್ಯಾಲಹನ್ ಅವರನ್ನು ಇಳಿಸಬೇಡಿ ಎಂದು ಲಂಡನ್ನಿಗೆ ತಂತಿಯ ಮೇಲೆ ತಂತಿ ಕಳಿಸಿದ್ದರಂತೆ. ಕೈಗೆ ಬಂದ ಅಷ್ಟು ದೊಡ್ಡ ಹುದ್ದೆಯನ್ನು ಬೇಡ ಅನ್ನುವವರು ಎಷ್ಟು ಜನ ಸಿಗುತ್ತಾರೆ? ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿಂದ.

ಲೈನೆಸ್ ಸಮಾಧಿಗಳ ಹತ್ತಿರ ಒಬ್ಬ ಅಜ್ಜ ಮಾತಿಗೆ ಸಿಕ್ಕರು. ಅವರ ತಾತ ಗ್ರ್ಯಾಂಡ್ ಫ್ಲೀಟ್‌ನ ಒಂದು ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಜೆಲ್ಲಿಕೋ ಪಡೆ ಜರ್ಮನ್ ನೌಕಾಪಡೆಯನ್ನು ಎದುರಿಸಿದ ಜಟ್‌ಲ್ಯಾಂಡ್ ಕಾಳಗದಲ್ಲೂ ಇದ್ದರಂತೆ.

"ಜೆಲ್ಲಿಕೋ ಅತಿ ಎಚ್ಚರಿಕೆಯಿಂದ ಗೆಲುವು ಕೈಬಿಟ್ಟರು ಅಂತಾರಲ್ಲ?" ಎಂದು ಕೇಳಿದೆ.

ಅವರು ಸಮುದ್ರದ ಕಡೆ ಕೈ ತೋರಿಸಿದರು. "ಆವತ್ತು ಸಂಜೆ ಅವರಿಗೆ ಶತ್ರು ಎಲ್ಲಿದ್ದಾನೆ ಅಂತಲೇ ಗೊತ್ತಿರಲಿಲ್ಲ. ಮುಂದಿನ ಹಡಗುಗಳಲ್ಲಿದ್ದ ಅಡ್ಮಿರಲ್ ಬೀಟಿಯನ್ನು ಕೇಳಿದರೆ ಸರಿಯಾದ ಉತ್ತರ ಇಲ್ಲ. ಮಂಜು, ಹೊಗೆ. 24 ದೊಡ್ಡ ಯುದ್ಧನೌಕೆಗಳನ್ನು ಸಾಲು ನಿಲ್ಲಿಸಬೇಕು. ಎಡಕ್ಕೋ, ಬಲಕ್ಕೋ?"

1916ರ ಮೇ 31, ಸಂಜೆ ಆರೂಕಾಲು. ಜೆಲ್ಲಿಕೋ ಕೆಲವೇ ಕ್ಷಣ ಯೋಚಿಸಿ ಎಡಕ್ಕೆ ಎಂದರು. ಮಂಜಿನಿಂದ ಹೊರಬಂದ ಜರ್ಮನ್ ಹಡಗುಗಳ ಮುಂದೆ ಅಡ್ಡಲಾಗಿ ಬ್ರಿಟಿಷ್ ಸಾಲು ನಿಂತಿತ್ತು. ಜರ್ಮನರು ತಟ್ಟನೆ ತಿರುಗಿ ಓಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಮತ್ತೆ ಏಟು ತಿಂದು, ಟಾರ್ಪಿಡೊ ದೋಣಿಗಳನ್ನು ಮುಂದೆ ಬಿಟ್ಟರು. ಆಗ ಜೆಲ್ಲಿಕೋ ತಮ್ಮ ಹಡಗುಗಳನ್ನು ಆಚೆ ತಿರುಗಿಸಿದರು. ಟೀಕೆ ಎಲ್ಲ ಇದರ ಮೇಲೇ.

"ಒಂದೇ ಒಂದು ಟಾರ್ಪಿಡೊ ತಗುಲಲಿಲ್ಲ," ಎಂದರು ಅಜ್ಜ. "ಆ ಸಾಲು ಮುಳುಗಿದ್ದರೆ ನಮ್ಮ ಜನ ಏನು ತಿನ್ನಬೇಕಿತ್ತು? ಊಟ ಬರುತ್ತಿದ್ದದ್ದೇ ಸಮುದ್ರದ ಮೇಲೆ."

ಅಳಿಯನಿಗೆ ಒಪ್ಪಿಗೆಯಾಗಲಿಲ್ಲ. "ಆದರೂ ಮಾವ, ಬ್ರಿಟಿಷರ ಕಡೆ ಆರು ಸಾವಿರಕ್ಕಿಂತ ಜಾಸ್ತಿ ಜನ ಸತ್ತರು, ಜರ್ಮನರ ಕಡೆ ಎರಡೂವರೆ ಸಾವಿರ. ಹಡಗು 14ಕ್ಕೆ 11. ಇದು ಗೆಲುವಾ?" ಅಂದ. ಲೆಕ್ಕ ಸರಿಯೇ. ಆದರೆ ಟಾರ್ಪಿಡೊ ಬಂದರೆ ಆಚೆ ತಿರುಗುವ ಈ ಕ್ರಮವನ್ನು ಜೆಲ್ಲಿಕೋ 1914ರ ಅಕ್ಟೋಬರಿನಲ್ಲೇ ಲಂಡನ್ನಿನ ನೌಕಾ ಇಲಾಖೆಯಾದ ಅಡ್ಮಿರಾಲ್ಟಿಗೆ ಬರೆದು ಒಪ್ಪಿಗೆ ಪಡೆದಿದ್ದರು. ಆ ರಾತ್ರಿ ಜರ್ಮನರು ಯಾವ ದಾರಿಯಲ್ಲಿ ಹೊರಟಿದ್ದಾರೆಂದು ಹೇಳುವ ಸಂದೇಶ ಲಂಡನ್ನಿನವರ ಕೈಗೆ ಸಿಕ್ಕಿತ್ತು. ಅದನ್ನು ಜೆಲ್ಲಿಕೋಗೆ ಕಳಿಸಲೇ ಇಲ್ಲ. ಇಷ್ಟಾದ ಮೇಲೂ ಜೂನ್ 2ರ ರಾತ್ರಿ ಸ್ಕಾಪಾ ಫ್ಲೋನಿಂದ ಅವರು ಕೊಟ್ಟ ವರದಿ: ನಾಲ್ಕು ಗಂಟೆ ಮುಂಚೆ ಹೇಳಿದರೆ ಸಾಕು, ಪಡೆ ಮತ್ತೆ ಹೊರಡಲು ಸಿದ್ಧ. ಇನ್ನೂ ಒಪ್ಪಿಸುವುದು ಏನಿದೆ ಹೇಳಿ.

ಮೂರೇ ದಿನಕ್ಕೆ ಇನ್ನೊಂದು ಪೆಟ್ಟು. ಜೂನ್ 5ರಂದು ಬ್ರಿಟನ್ನಿನ ಯುದ್ಧ ಮಂತ್ರಿ ಲಾರ್ಡ್ ಕಿಚನರ್ ಜೆಲ್ಲಿಕೋ ಜೊತೆ ಊಟ ಮಾಡಿ 'ಹ್ಯಾಂಪ್‌ಶೈರ್' ಹಡಗಿನಲ್ಲಿ ರಷ್ಯಾಕ್ಕೆ ಹೊರಟರು. ಆರ್ಕ್ನಿ ಪಕ್ಕದಲ್ಲೇ ಹಡಗು ಜರ್ಮನರು ನೀರಿನಲ್ಲಿ ಇಟ್ಟಿದ್ದ ಸಿಡಿಬಾಂಬಿಗೆ (ಮೈನ್) ಸಿಕ್ಕಿ ಮುಳುಗಿತು. ಕಿಚನರ್ ಸೇರಿ 700ಕ್ಕೂ ಹೆಚ್ಚು ಜನ ಸತ್ತರು. ಅದರ ಪ್ರೊಪೆಲ್ಲರ್ ಈಗ ಸಂಗ್ರಹಾಲಯದ ಹೊರಗಿದೆ. ಒಳಗಿನ ತೋಪು, ಬ್ಯಾಡ್ಜುಗಳಿಗಿಂತ ನಾನು ಹೆಚ್ಚು ಹೊತ್ತು ನಿಂತದ್ದು ಅದರ ಮುಂದೆ. ಸಮಾಧಿಗಳಲ್ಲಿ ಜರ್ಮನ್ ನಾವಿಕರೂ ಇದ್ದಾರೆ. 1919ರ ಜೂನ್ 21ರಂದು ಸೆರೆಯಲ್ಲಿದ್ದ ಜರ್ಮನ್ ಪಡೆ ಇದೇ ಕೊಲ್ಲಿಯಲ್ಲಿ ತನ್ನ ಹಡಗುಗಳನ್ನು ತಾನೇ ಮುಳುಗಿಸಿಕೊಂಡಿತ್ತು.

ಹೊರಡುವಾಗ ಅಜ್ಜ ಹೇಳಿದ್ದು ಒಂದೇ ದೂರು: "ಜೆಲ್ಲಿಕೋ ಅವರನ್ನು ಕ್ರಿಸ್ಮಸ್ ಹಿಂದಿನ ದಿನ ಪತ್ರ ಕೊಟ್ಟು ಮನೆಗೆ ಕಳಿಸಿಬಿಟ್ಟರು." 1917ರ ಡಿಸೆಂಬರ್ 24. ಆಗ ಅವರು 'ಫಸ್ಟ್ ಸೀ ಲಾರ್ಡ್', ಅಂದರೆ ಇಡೀ ನೌಕಾಪಡೆಯ ಮುಖ್ಯಸ್ಥ. ಜಲಾಂತರ್ಗಾಮಿಗಳನ್ನು ಎದುರಿಸುವ ವಿಷಯದಲ್ಲಿ ಸರ್ಕಾರಕ್ಕೂ ಅವರಿಗೂ ಹೊಂದಲಿಲ್ಲ, ನಿಜ. ಸರಕು ಹಡಗುಗಳನ್ನು ಯುದ್ಧನೌಕೆಗಳ ಬೆಂಗಾವಲಿನಲ್ಲಿ ಕಳಿಸುವ ವಿಚಾರದಲ್ಲಿ ಅವರು ಹಿಂದೇಟು ಹಾಕಿದ್ದು ತಪ್ಪು ಅಂತಲೇ ನನಗೂ ಅನ್ನಿಸುತ್ತದೆ. ಆದರೂ ಕಳಿಸುವ ರೀತಿ ಅದಲ್ಲ. 1920ರಿಂದ ನಾಲ್ಕು ವರ್ಷ ಅವರು ನ್ಯೂಜಿಲೆಂಡಿನ ಗವರ್ನರ್ ಜನರಲ್ ಆಗಿದ್ದರು. 1935ರಲ್ಲಿ ತೀರಿಕೊಂಡಾಗ ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ, ನೆಲ್ಸನ್ ಇರುವ ಕಡೆಯೇ, ಜಾಗ ಕೊಟ್ಟರು.